ಹಳೇ ಇಂಗ್ಲಿಷ್ ಬೆಳ್ಳಿಯ ಮೇಲಿನ ಮನೆತನದ ಲಾಂಛನ: ಓದುವುದು ಹೇಗೆ, ನಂಬುವುದು ಎಷ್ಟು?

ಹಳೇ ಇಂಗ್ಲಿಷ್ ಬೆಳ್ಳಿ ಚಮಚವೊಂದು ಕೈಗೆ ಸಿಕ್ಕಿದೆ. ಹಿಡಿಯ ತುದಿಯಲ್ಲಿ ಪುಟ್ಟ ಸಿಂಹವೋ ಹಕ್ಕಿಯೋ ಕೆತ್ತಿದೆ. ‘ಇದು ಯಾವ ಮನೆತನದ್ದು?’ ಅಂತ ತಕ್ಷಣ ಕೇಳಬೇಕೆನಿಸುತ್ತದೆ, ಅಲ್ವಾ? ಮಾರುವವರೂ ಅದನ್ನೇ ಮುಂದೆ ಮಾಡುತ್ತಾರೆ, ‘ಯಾವುದೋ ಡ್ಯೂಕ್ ಮನೆಯದು ಸಾರ್’ ಅನ್ನುತ್ತಾರೆ. ನನ್ನ ಸಲಹೆ ಏನೆಂದರೆ, ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಬೆಳ್ಳಿಯ ಗುಣಮಟ್ಟ ಪರೀಕ್ಷಿಸಿ ಒತ್ತಿದ ಮುದ್ರೆಗಳು (ಹಾಲ್‌ಮಾರ್ಕ್) ಪಾತ್ರೆ ಯಾವಾಗ ಆಯಿತು ಅಂತ ಹೇಳುತ್ತವೆ. ಲಾಂಛನ ಅದು ಯಾರದಾಗಿತ್ತು ಅಂತ ಹೇಳುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಓದಿ, ಆಮೇಲೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಪಾತ್ರೆಗೆ ನಡುವೆ ಏನೋ ಆಗಿದೆ ಅಂತಲೇ ಅರ್ಥ.

ಹಂತ 1: ಉಜ್ಜಬೇಡಿ, ನೋಡಿ

ಕಪ್ಪಾಗಿದೆ ಅಂತ ಸಿಕ್ಕಿದ ಕೂಡಲೇ ಉಜ್ಜಲು ಹೋಗಬೇಡಿ. ಕೆತ್ತನೆಯ ಗೆರೆಗಳಲ್ಲಿ ಕೂತ ಕಪ್ಪೇ ಚಿತ್ರವನ್ನು ಎತ್ತಿ ತೋರಿಸುತ್ತದೆ. ಬೇಕಾದ ಸಾಮಾನು ಜಾಸ್ತಿ ಇಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಹಿಡಿಯುವಂಥ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ಮೆತ್ತನೆಯ ಹತ್ತಿ ಬಟ್ಟೆ, ಒಂದು ಕಿಟಕಿ.

ಬೆಳಕು ನೇರ ಮೇಲಿಂದ ಬಿದ್ದರೆ ಬೆಳ್ಳಿ ಹೊಳೆಯುತ್ತದೆಯೇ ಹೊರತು ಗೆರೆ ಕಾಣುವುದಿಲ್ಲ. ಕಿಟಕಿಯ ಪಕ್ಕ ನಿಂತು, ಬೆಳಕು ಓರೆಯಾಗಿ ಬೀಳುವಂತೆ ಪಾತ್ರೆಯನ್ನು ನಿಧಾನವಾಗಿ ತಿರುಗಿಸಿ. ಸವೆದ ಕೆತ್ತನೆಯ ಮೇಲೆ ಒಮ್ಮೆ ಬಾಯಿಂದ ಹಾ ಅಂತ ಉಸಿರು ಬಿಡಿ. ಹಬೆ ಆರುವ ಮೊದಲ ಒಂದೆರಡು ಕ್ಷಣದಲ್ಲಿ, ಇಲ್ಲವೇ ಇಲ್ಲ ಅಂದುಕೊಂಡ ಗೆರೆಗಳು ಮೂಡುತ್ತವೆ. ಫೋಟೋ ತೆಗೆಯಲು ಅದೇ ಹೊತ್ತು. ಉಸಿರಿನ ಈ ಉಪಾಯ ಮುಂದೆಯೂ ಬೇಕಾಗುತ್ತದೆ.

ಹಂತ 2: ಇದು ಬೆಳ್ಳಿಯೇ ಹೌದಾ?

ಇಂಗ್ಲೆಂಡಿನ ಸ್ಟರ್ಲಿಂಗ್ ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಅದರ ಗುರುತು ನಡೆಯುತ್ತಿರುವ ಸಿಂಹ, ಮುಂದಿನ ಒಂದು ಕಾಲು ಎತ್ತಿರುತ್ತದೆ. 1544ರಿಂದ ಈ ಸಿಂಹ ಇದೆ. 1697ರಿಂದ 1720ರವರೆಗೆ ಮಾತ್ರ ಕಾನೂನು ಇನ್ನೂ ಶುದ್ಧ ಬೆಳ್ಳಿ, ಅಂದರೆ ಸುಮಾರು 958 ಪಾಲು, ಕೇಳುತ್ತಿತ್ತು. ನಾಣ್ಯ ಕರಗಿಸಿ ಪಾತ್ರೆ ಮಾಡುವುದನ್ನು ತಡೆಯಲು ಈ ಕಾನೂನು ಬಂತು. ಆ ಕಾಲದ ಪಾತ್ರೆಗಳಲ್ಲಿ ನಡೆಯುವ ಸಿಂಹದ ಬದಲು, ಕೂತಿರುವ ಬ್ರಿಟಾನಿಯಾ ದೇವತೆ ಮತ್ತು ಕತ್ತು ಹರಿದಂತಿರುವ ಸಿಂಹದ ತಲೆ ಇರುತ್ತವೆ. 1720ರ ನಂತರವೂ ಇಷ್ಟಪಟ್ಟವರು ಈ ಗುಣಮಟ್ಟದಲ್ಲಿ ಮಾಡಿಸಬಹುದಿತ್ತು.

ಇ.ಪಿ.ಎನ್.ಎಸ್. ಅನ್ನುವ ಅಕ್ಷರಗಳಿದ್ದರೆ ಅದು ಬೆಳ್ಳಿ ಮುಲಾಮು ಅಷ್ಟೇ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ವಿದ್ಯುತ್ ಮುಲಾಮಿನ ಪೇಟೆಂಟ್ ಪಡೆದ ಮೇಲೆ ಬಂದ ಮಾಲು ಅದು.

ಅದಕ್ಕೂ ಹಿಂದಿನದು ಹಳೇ ಶೆಫೀಲ್ಡ್ ಪ್ಲೇಟ್. 1740ರ ದಶಕದಲ್ಲಿ ಥಾಮಸ್ ಬೋಲ್ಸೋವರ್ ಕಂಡುಹಿಡಿದದ್ದು. ತಾಮ್ರದ ಗಟ್ಟಿಗೆ ಬೆಳ್ಳಿಯ ತಗಡನ್ನು ಬಿಸಿಯಲ್ಲಿ ಬೆಸೆದು, ಆಮೇಲೆ ಹಾಳೆಯಾಗಿ ಎಳೆಯುತ್ತಿದ್ದರು. ಇದರ ಮೇಲೆ ಲಾಂಛನ ಕೆತ್ತುವುದು ಕಷ್ಟ. ಉಳಿ ಸ್ವಲ್ಪ ಆಳ ಹೋದರೆ ಕೆಂಪು ತಾಮ್ರ ಇಣುಕುತ್ತದೆ. ಅದಕ್ಕೇ ಲಾಂಛನ ಬರುವ ಜಾಗಕ್ಕೆ ಗಟ್ಟಿ ಬೆಳ್ಳಿಯ ತುಂಡೊಂದನ್ನು ಕೂರಿಸಿ, ಅಂಚು ಗೊತ್ತಾಗದಂತೆ ತೀಡುತ್ತಿದ್ದರು. ಈಗ ಅಲ್ಲಿ ಉಸಿರು ಬಿಟ್ಟು ನೋಡಿ. ಸುತ್ತಲಿಗಿಂತ ಸ್ವಲ್ಪ ಬೇರೆ ಬಣ್ಣದ ವೃತ್ತವೋ ಗುರಾಣಿಯ ಆಕಾರವೋ ಕಾಣುತ್ತದೆ. ಇದು ದೋಷವಲ್ಲ. ಒಳ್ಳೇ ಶೆಫೀಲ್ಡ್ ಪ್ಲೇಟ್ ಅನ್ನುವುದಕ್ಕೆ ಸಾಕ್ಷಿ.

ನಮ್ಮ ಕಡೆ ಸಿಗುವ ಮಾಲಿನ ಬಗ್ಗೆ ಒಂದು ಮಾತು. ಬ್ರಿಟಿಷರ ಮನೆಗಳಿಗೆ ಬೆಳ್ಳಿ ಎಲ್ಲವೂ ಹಡಗಿನಲ್ಲಿ ಬರಲಿಲ್ಲ. ಕಲ್ಕತ್ತದ ಹ್ಯಾಮಿಲ್ಟನ್, ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಇಲ್ಲೇ ಮಾಡಿಕೊಡುತ್ತಿದ್ದರು. ಅವುಗಳ ಮೇಲೆ ಇಂಗ್ಲೆಂಡಿನ ಆ ಸಿಂಹ ಇಲ್ಲ ಅಂತ ನಕಲಿ ಅನ್ನಬೇಡಿ. ಹಾಗೆಯೇ, ಪೇಟೆಯ ಅಂಗಡಿಯಲ್ಲಿ ಒರೆಗಲ್ಲಿಗೆ ತಿಕ್ಕಿಸಬೇಡಿ. ಅವರು ಕರಗಿಸುವ ಲೆಕ್ಕದಲ್ಲಿ ನೋಡುತ್ತಾರೆ. ಮುದ್ರೆಯ ಅಂಚು ಸವೆದರೆ ಪಾತ್ರೆಯ ಅರ್ಧ ಕಥೆ ಹೋಯಿತು.

ಹಂತ 3: ವರ್ಷ ಹಿಡಿಯಿರಿ

ಸಿಂಹದ ಪಕ್ಕದಲ್ಲಿ ಇನ್ನೂ ಮೂರ್ನಾಲ್ಕು ಗುರುತುಗಳಿರುತ್ತವೆ. ಮಾಡಿದವರ ಹೆಸರಿನ ಮೊದಲಕ್ಷರಗಳು ಒಂದು. ಊರಿನ ಗುರುತು ಇನ್ನೊಂದು. ಲಂಡನ್ನಿಗೆ ಚಿರತೆಯ ಮುಖ (ನೋಡಲು ಸಿಂಹದಂತೆಯೇ ಇರುತ್ತದೆ), ಬರ್ಮಿಂಗ್‌ಹ್ಯಾಮಿಗೆ ಲಂಗರು, ಶೆಫೀಲ್ಡಿಗೆ 1974ರವರೆಗೆ ಕಿರೀಟ. ಕೊನೆಯ ಈ ಎರಡು ಊರುಗಳಿಗೆ ಪರೀಕ್ಷಾ ಕಚೇರಿ, ಅಂದರೆ ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ, ಬಂದದ್ದು 1773ರಲ್ಲಿ. ಆದ್ದರಿಂದ ಲಂಗರಿನ ಗುರುತಿರುವ ಪಾತ್ರೆಯನ್ನು ಯಾರಾದರೂ 1750ರದು ಅಂದರೆ ನಗಬಹುದು. ಚೆಸ್ಟರ್, ಎಕ್ಸೆಟರ್, ನ್ಯೂಕಾಸಲ್ ಕಚೇರಿಗಳೂ ಇದ್ದವು, ಈಗ ಮುಚ್ಚಿವೆ.

ಮೂರನೆಯದು ವರ್ಷದ ಅಕ್ಷರ. ಲಂಡನ್ನಿನಲ್ಲಿ ಎ ಇಂದ ಯು ವರೆಗೆ, ಜೆ ಬಿಟ್ಟು, 20 ಅಕ್ಷರಗಳು. ವರ್ಷಕ್ಕೊಂದು. 20 ವರ್ಷ ಮುಗಿದ ಮೇಲೆ ಅಕ್ಷರದ ಬರಹದ ಶೈಲಿ, ಸುತ್ತಲಿನ ಚೌಕಟ್ಟು ಬದಲಾಗಿ ಮತ್ತೆ ಎ ಇಂದ ಶುರು. ಅಕ್ಷರವೊಂದನ್ನೇ ನೋಡಿದರೆ ಎಡವುತ್ತೀರಿ. ಶೈಲಿ, ಚೌಕಟ್ಟು, ಅಕ್ಕಪಕ್ಕದ ಗುರುತು ಎಲ್ಲ ಸೇರಿಸಿ ನೋಡಬೇಕು.

ಒಂದು ಉದಾಹರಣೆ. ಲಂಡನ್ ಚಮಚದ ಮೇಲೆ ಸಣ್ಣಕ್ಷರದ ಕೆ ಇದೆ. 1776ರಲ್ಲಿ ಶುರುವಾದ ಸಾಲಿನಲ್ಲಿ ಅದು 1785. 1816ರಲ್ಲಿ ಶುರುವಾದ ಸಾಲಿನಲ್ಲಿ 1825. ಎರಡೂ ಸಾಲಿನಲ್ಲಿ ಸಣ್ಣಕ್ಷರವೇ. ಈಗ ಚಿರತೆಯ ತಲೆ ನೋಡಿ. 1821ರವರೆಗೆ ಅದಕ್ಕೆ ಕಿರೀಟವಿತ್ತು, ಆಮೇಲೆ ಇಲ್ಲ. ಕಿರೀಟ ಕಂಡರೆ 1785. ಸವೆದು ಹೋಗಿ ಅದೂ ಕಾಣುತ್ತಿಲ್ಲವಾ? ರಾಜನ ತಲೆ ನೋಡಿ. 1784ರಿಂದ 1890ರವರೆಗೆ ಬೆಳ್ಳಿಗೆ ಸುಂಕ ಕಟ್ಟಿದ್ದಕ್ಕೆ ರಸೀತಿಯಂತೆ ರಾಜನ ಅಥವಾ ರಾಣಿಯ ತಲೆಯನ್ನು ಒತ್ತುತ್ತಿದ್ದರು. ಮೊದಲ ಒಂದೂವರೆ ವರ್ಷ, 1786ರ ಬೇಸಿಗೆಯವರೆಗೆ, ಆ ತಲೆ ಒಳಕ್ಕೆ ತಗ್ಗಾಗಿತ್ತು. ಆಮೇಲಿನದೆಲ್ಲ ಉಬ್ಬು. ಉಗುರಿನಷ್ಟು ಜಾಗದಲ್ಲಿ 40 ವರ್ಷದ ಗೊಂದಲ ಬಗೆಹರಿಯಿತು.

ಹಂತ 4: ಲಾಂಛನವನ್ನು ಬಿಡಿಸಿ ನೋಡಿ

ಈಗ ಕೆತ್ತನೆಗೆ ಬನ್ನಿ. ಪೂರ್ತಿ ಲಾಂಛನದಲ್ಲಿ ನಡುವೆ ಗುರಾಣಿ, ಅದರ ಮೇಲೆ ಶಿರಸ್ತ್ರಾಣ, ಶಿರಸ್ತ್ರಾಣದ ಮೇಲೆ ತಿರುಚಿದ ಬಟ್ಟೆಯ ಸುರುಳಿ, ಅದರ ಮೇಲೆ ಒಂದು ಪ್ರಾಣಿಯೋ ಕೈಯೋ ಹಕ್ಕಿಯೋ, ಕೆಳಗೆ ಪಟ್ಟಿಯಲ್ಲಿ ಧ್ಯೇಯವಾಕ್ಯ. ಮೇಲಿನ ಆ ಪ್ರಾಣಿಯೇ ಕ್ರೆಸ್ಟ್. ಚಮಚ, ಫೋರ್ಕುಗಳಲ್ಲಿ ಜಾಗ ಕಡಿಮೆ, ಅದಕ್ಕೇ ಕ್ರೆಸ್ಟ್ ಮಾತ್ರ ಇರುತ್ತದೆ. ದೊಡ್ಡ ತಟ್ಟೆ, ಟೀಪಾಟ್, ಸೂಪಿನ ಪಾತ್ರೆಗಳಲ್ಲಿ ಗುರಾಣಿಯೂ ಸಿಗುತ್ತದೆ. ಗುರಾಣಿ ಸಿಕ್ಕರೆ ಅದೃಷ್ಟ. ಯಾಕೆಂದರೆ ಒಂದೇ ಕ್ರೆಸ್ಟನ್ನು ಹತ್ತಾರು ಮನೆತನಗಳು ಬಳಸುತ್ತವೆ.

ಗುರಾಣಿಯನ್ನು ಓದುವಾಗ ಎಡಬಲ ಅದನ್ನು ಹಿಡಿದವನ ಕಡೆಯಿಂದ ಲೆಕ್ಕ. ನಿಮ್ಮ ಎಡಕ್ಕೆ ಕಾಣುವುದು ಅವನ ಬಲ. ಮಾನದ ಜಾಗ ಅದೇ.

ಬೆಳ್ಳಿಯ ಮೇಲೆ ಬಣ್ಣ ಹೇಗೆ ತೋರಿಸುತ್ತಾರೆ? ಗೆರೆಗಳಿಂದ. ಪೆಟ್ರಾ ಸಾಂಕ್ಟಾ ಎಂಬ ಇಟಲಿಯ ಜೆಸ್ಯೂಟ್ ಪಾದ್ರಿ 1638ರಲ್ಲಿ ಪ್ರಚಾರಕ್ಕೆ ತಂದ ಪದ್ಧತಿ ಇದು. ಚುಕ್ಕೆಗಳಿದ್ದರೆ ಚಿನ್ನ. ಖಾಲಿ ಬಿಟ್ಟರೆ ಬೆಳ್ಳಿ. ನೆಟ್ಟಗೆ ನಿಂತ ಗೆರೆಗಳು ಕೆಂಪು, ಅಡ್ಡ ಗೆರೆಗಳು ನೀಲಿ, ಅಡ್ಡ ಉದ್ದ ಎರಡೂ ಸೇರಿದ ಜಾಲರಿ ಕಪ್ಪು. ನಿಮ್ಮ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿದ ಓರೆ ಗೆರೆ ಹಸಿರು. ಅದರ ಉಲ್ಟಾ ಓರೆ ನೇರಳೆ. ಸುಮ್ನೆ ಅಲಂಕಾರಕ್ಕೆ ಗೀಚಿದಂತೆ ಕಾಣುವ ಗೆರೆಗಳಲ್ಲಿ ಇಷ್ಟೆಲ್ಲ ಇದೆ. ಲೂಪ್ ಹಿಡಿದು ಪ್ರತಿ ಭಾಗದ ಗೆರೆಯ ದಿಕ್ಕನ್ನು ಬರೆದುಕೊಳ್ಳಿ. ಎರಡು ಮನೆತನಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಬಣ್ಣ ಒಂದೇ.

ಮದುವೆಯ ವಿಷಯವೂ ಗುರಾಣಿಯಲ್ಲೇ ಸಿಗುತ್ತದೆ. ನಡುವೆ ನೆಟ್ಟಗೆ ಸೀಳಿ ಎರಡು ಲಾಂಛನ ಇಟ್ಟಿದ್ದರೆ, ನಿಮ್ಮ ಎಡಕ್ಕೆ ಗಂಡನ ಮನೆತನ, ಬಲಕ್ಕೆ ಹೆಂಡತಿಯ ತವರು. ದೊಡ್ಡ ಗುರಾಣಿಯ ನಡುವೆ ಪುಟ್ಟ ಗುರಾಣಿ ಕೂರಿಸಿದ್ದರೆ, ಹೆಂಡತಿಗೆ ಅಣ್ಣ ತಮ್ಮಂದಿರಿಲ್ಲ, ತವರಿನ ಲಾಂಛನಕ್ಕೆ ಅವಳೇ ವಾರಸುದಾರಳು. ಅಂಥ ತಾಯಿಯ ಮಕ್ಕಳು ಗುರಾಣಿಯನ್ನು ನಾಲ್ಕು ಭಾಗ ಮಾಡಿ ಎರಡೂ ಕಡೆಯದನ್ನು ಹಾಕಿಕೊಳ್ಳುತ್ತಾರೆ. ಗುರಾಣಿಯೇ ಇಲ್ಲದೆ ವಜ್ರದಂತೆ ನಿಂತ ಚೌಕವಿದ್ದರೆ ಪಾತ್ರೆ ಹೆಂಗಸಿನದು, ವಿಧವೆಯದು ಅಥವಾ ಮದುವೆಯಾಗದವಳದು. ಅದರೊಳಗೆ ಎರಡು ಭಾಗವಿದ್ದರೆ ವಿಧವೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ. ಗಂಡಸರ ಹೆಸರೇ ತುಂಬಿರುವ ದಾಖಲೆಗಳ ಕಾಲದಲ್ಲಿ, ಕಾಫಿ ಪಾಟಿನ ಹೊಟ್ಟೆಯ ಮೇಲೆ ಒಬ್ಬ ಹೆಂಗಸು ಯಾರ ಮಗಳು, ಯಾರ ಹೆಂಡತಿ, ಗಂಡ ಇದ್ದಾನೋ ಇಲ್ಲವೋ ಎಲ್ಲವೂ ಇದೆ.

ಕಿರೀಟಗಳ ವಿಷಯಕ್ಕೆ ಬಂದರೆ, ಮಾರುವವರ ‘ಡ್ಯೂಕ್’ ಹುಟ್ಟುವುದು ಇಲ್ಲೇ. ಇಂಗ್ಲೆಂಡಿನ ಪದವಿಗಳನ್ನು ಮೇಲಿಂದ ಕೆಳಕ್ಕೆ ಹೇಳುತ್ತೇನೆ. ಕೆತ್ತಿದ ಚಿತ್ರದಲ್ಲಿ ಕಾಣುವಂತೆ ಡ್ಯೂಕನ ಕಿರೀಟದಲ್ಲಿ ಐದು ಎಲೆ. ಮಾರ್ಕ್ವಿಸನದರಲ್ಲಿ ಮೂರು ಎಲೆ, ನಡುವೆ ಎರಡು ಮುತ್ತು. ಅರ್ಲನದರಲ್ಲಿ ಉದ್ದ ಕಡ್ಡಿಗಳ ತುದಿಗೆ ಐದು ಮುತ್ತು. ವೈಕೌಂಟನದರಲ್ಲಿ ಒತ್ತೊತ್ತಾಗಿ ಮುತ್ತಿನ ಸಾಲು. ಬ್ಯಾರನ್ನಿನದರಲ್ಲಿ ನಾಲ್ಕೇ ಮುತ್ತು. ಆದರೆ ಮೂರು ಎಲೆಯ ಪುಟ್ಟ ಕಿರೀಟವೊಂದರಿಂದ ಪ್ರಾಣಿಯ ತಲೆ ಎದ್ದು ಬರುತ್ತಿದ್ದರೆ ಅದು ಪದವಿಯ ಗುರುತು ಅಲ್ಲವೇ ಅಲ್ಲ, ಕ್ರೆಸ್ಟಿನದೇ ಒಂದು ಭಾಗ. ಬಟ್ಟೆಯ ಸುರುಳಿಯ ಜಾಗದಲ್ಲಿ ಬಂದದ್ದು. ಹಳ್ಳಿಯ ಸಾಮಾನ್ಯ ಜಮೀನ್ದಾರನ ಚಮಚದ ಮೇಲೂ ಇರುತ್ತದೆ. ಇದನ್ನೇ ತೋರಿಸಿ ಡ್ಯೂಕ್ ಅನ್ನುತ್ತಾರೆ.

ಗುರಾಣಿಯ ಮೇಲೆ ಅಂಗೈ ತೋರಿಸುವ ಒಂಟಿ ಕೈ ಇದ್ದರೆ ಅವನು ಬ್ಯಾರೊನೆಟ್, ಅಂದರೆ ಬ್ಯಾರನ್ನಿಗಿಂತ ಕೆಳಗಿನ ವಂಶಪಾರಂಪರ್ಯ ಪದವಿಯವನು. 1611ರಲ್ಲಿ ಹುಟ್ಟಿದ ಪದವಿ. ಪುಟ್ಟ ಅರ್ಧಚಂದ್ರ ಇದ್ದರೆ ಎರಡನೇ ಮಗ, ನಕ್ಷತ್ರ ಇದ್ದರೆ ಮೂರನೆಯವನು. ಬಕಲ್ ಇರುವ ಬೆಲ್ಟು ಕ್ರೆಸ್ಟನ್ನು ಸುತ್ತಿದ್ದರೆ ಅದು ಇಂಗ್ಲೆಂಡಿನ ಅತ್ಯುನ್ನತ ಗೌರವವಾದ ಗಾರ್ಟರ್ ಪದವಿ ಅಂತ ಹಿಗ್ಗಬೇಡಿ. ವಿಕ್ಟೋರಿಯಾ ಕಾಲದಲ್ಲಿ ಅಲಂಕಾರಕ್ಕೂ ಅದನ್ನು ಹಾಕುತ್ತಿದ್ದರು, ಸ್ಕಾಟ್ಲೆಂಡಿನ ಕುಲಗಳಲ್ಲಂತೂ ಅದು ಮಾಮೂಲಿ. ಪಟ್ಟಿಯ ಮೇಲೆ ಗಾರ್ಟರಿನ ಫ್ರೆಂಚ್ ವಾಕ್ಯವೇ ಇದೆಯಾ ಅಂತ ಓದಿ.

ಹಂತ 5: ಎರಡನ್ನೂ ತಾಳೆ ನೋಡಿ

ಗುರಾಣಿಯ ಸುತ್ತಲಿನ ಅಲಂಕಾರಕ್ಕೂ ಕಾಲವಿದೆ. ಹದಿನೇಳನೇ ಶತಮಾನದ ಕೊನೆಯಲ್ಲಿ ಗುರಾಣಿಯ ಎರಡೂ ಬದಿಗೆ ಗರಿಗಳನ್ನು ಅಡ್ಡಲಾಗಿ ಕಟ್ಟಿದಂತೆ ಕೆತ್ತುತ್ತಿದ್ದರು. 1730ರ ಹೊತ್ತಿಗೆ ಎರಡೂ ಬದಿ ಸಮವಾಗಿರುವ, ಕಟ್ಟಡದ ಮುಂಭಾಗದಂಥ ಚೌಕಟ್ಟು. 1740, 50ರ ದಶಕಗಳಲ್ಲಿ ಚಿಪ್ಪು, ಬಳ್ಳಿ, ಹೂವು ಎಲ್ಲ ಒಂದು ಕಡೆಗೆ ವಾಲಿರುತ್ತವೆ. 1780ರ ಸುಮಾರಿಗೆ ಗುದ್ದಲಿಯ ತುದಿಯಂಥ ಸರಳ ಗುರಾಣಿ, ಮೇಲಿಂದ ಇಳಿಬಿದ್ದ ಹೂಹಾರ. 1735ರ ಮುದ್ರೆಯ ತಟ್ಟೆಯ ಮೇಲೆ 1780ರ ಹೂಹಾರ ಕಂಡರೆ ಪಾತ್ರೆ ಕೈ ಬದಲಾಯಿಸಿದೆ. ಮಗನೋ ಮೊಮ್ಮಗನೋ ಕೆತ್ತಿಸಿರಬಹುದು, ಕೊಂಡವನೂ ಕೆತ್ತಿಸಿರಬಹುದು. ಇದು ಮೋಸವಲ್ಲ. ಆದರೆ ಹುಡುಕಬೇಕಾದವನು 1780ರಲ್ಲಿದ್ದವನು, 1735ರವನಲ್ಲ.

ಚಮಚಕ್ಕೆ ಇದಕ್ಕಿಂತ ಸುಲಭದ ಗುರುತಿದೆ. ಹದಿನೆಂಟನೇ ಶತಮಾನದ ಮೊದಲರ್ಧದಲ್ಲಿ ಮೇಜಿನ ಮೇಲೆ ಚಮಚವನ್ನು ಬೋರಲು ಇಡುತ್ತಿದ್ದರು. ಹಿಡಿಯ ತುದಿ ಮೇಲಕ್ಕೆ ಬಾಗಿರುತ್ತಿತ್ತು, ಕ್ರೆಸ್ಟು ಹಿಂಬದಿಯಲ್ಲಿ. 1760ರ ನಂತರ ತುದಿ ಕೆಳಕ್ಕೆ ಬಾಗುವ ಮಾದರಿ ಬಂತು, ಚಮಚ ಅಂಗಾತ ಮಲಗಿತು, ಕ್ರೆಸ್ಟು ಮುಂಬದಿಗೆ ಬಂತು. ಹಳೇ ಮಾದರಿಯ ಚಮಚದ ಮುಂಬದಿಯಲ್ಲಿ ಕ್ರೆಸ್ಟ್ ಇದ್ದರೆ ತಡವಾಗಿ ಕೆತ್ತಿದ್ದೇ ಇರಬೇಕು.

ಇಂಗ್ಲೆಂಡಿನ ರಾಜಲಾಂಛನ ಇದ್ದರೆ ಗುರಾಣಿಯೊಳಗೆ ನೋಡಿ. ಫ್ರಾನ್ಸಿನ ಲಿಲ್ಲಿ ಹೂವು ಇದ್ದರೆ 1801ಕ್ಕಿಂತ ಹಿಂದಿನದು. ಜರ್ಮನಿಯ ಹ್ಯಾನೋವರಿನ ಭಾಗ 1714ರಲ್ಲಿ ಸೇರಿ, 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಹೋಯಿತು. ರಾಜಲಾಂಛನ ಇದ್ದ ಮಾತ್ರಕ್ಕೆ ರಾಜ ಊಟ ಮಾಡಿದ ತಟ್ಟೆ ಆಗಲಿಲ್ಲ. ರಾಯಭಾರಿಗಳಿಗೆ ಸರ್ಕಾರದಿಂದ ಇಂಥ ಬೆಳ್ಳಿ ಕೊಡುತ್ತಿದ್ದರು, ಎಷ್ಟೋ ಜನ ಅದನ್ನು ವಾಪಸ್ ಕೊಡಲೇ ಇಲ್ಲ. ಪದವಿಯ ಜೊತೆಗೆ ಬೆಳ್ಳಿ ಬರುವುದು ಆಗ ರೂಢಿ. 1727ರಲ್ಲಿ ಒಂದನೇ ಜಾರ್ಜ್ ತೀರಿಕೊಂಡಾಗ ಖಜಾನೆಯ ಹಳೇ ಬೆಳ್ಳಿ ಮೊಹರು ಖಜಾನೆ ಮಂತ್ರಿಯಾಗಿದ್ದ ರಾಬರ್ಟ್ ವಾಲ್‌ಪೋಲನ ಪಾಲಿಗೆ ಬಂತು. ಅವನು ಅದರಿಂದ ಅಕ್ಕಸಾಲಿಗ ಪಾಲ್ ಡಿ ಲಾಮೆರಿಯ ಕೈಯಲ್ಲಿ ದೊಡ್ಡ ತಟ್ಟೆ ಮಾಡಿಸಿ, ಮೊಹರಿನ ಚಿತ್ರವನ್ನೇ ಮೇಲೆ ಕೆತ್ತಿಸಿದ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅದಿದೆ. ಕೆತ್ತನೆ ಚಿತ್ರಕಾರ ವಿಲಿಯಂ ಹೊಗಾರ್ತನದು ಅನ್ನುತ್ತಾರೆ. ಅವನು ಕಸುಬು ಕಲಿತದ್ದೇ ಬೆಳ್ಳಿ ಕೆತ್ತುವವನ ಹತ್ತಿರ. ಅಂದ ಹಾಗೆ, ಮುದ್ರೆಯಲ್ಲಿರುವ ಹೆಸರು ಪಾತ್ರೆ ಮಾಡಿಸಿದ ಅಕ್ಕಸಾಲಿಗನದು. ಕೆತ್ತಿದವನ ಹೆಸರು ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ.

ಹಂತ 6: ಅಳಿಸಿದ್ದಾರಾ, ಅಂಟಿಸಿದ್ದಾರಾ?

ಹಳೇ ಲಾಂಛನವನ್ನು ಉಜ್ಜಿ ತೆಗೆದು ಖಾಲಿ ಬಿಡುವುದು ಅಥವಾ ಹೊಸದು ಕೆತ್ತಿಸುವುದು ಮಾಮೂಲಿ. ಆ ಜಾಗದಲ್ಲಿ ತಗಡು ತೆಳ್ಳಗಾಗಿರುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಅದುಮಿದಂತಾದರೆ ಅನುಮಾನ ಪಡಿ. ತಟ್ಟೆಯನ್ನು ಓರೆಯಾಗಿ ಹಿಡಿದು ಕಿಟಕಿಯ ಸರಳಿನ ಪ್ರತಿಬಿಂಬ ನೋಡಿ, ತಗ್ಗಿದ್ದಲ್ಲಿ ಸರಳು ಸೊಟ್ಟಗಾಗುತ್ತದೆ. ಹಳೇ ಕೆತ್ತನೆಯ ಅಂಚು ಉಜ್ಜಿ ಉಜ್ಜಿ ನಯವಾಗಿರುತ್ತದೆ. ಹೊಸದು ಬೆರಳಿಗೆ ಗರಗರ ಅನ್ನುತ್ತದೆ.

ತಕ್ಕಡಿ ಈಗ ಬೇಕು. ದೊಡ್ಡ ಪಾತ್ರೆಗಳ ತಳದಲ್ಲಿ ಸೂಜಿಯಿಂದ ಗೀಚಿದಂತೆ ಎರಡು ಅಂಕಿ ಇರಬಹುದು. ಅದು ಮಾಡಿದಾಗಿನ ತೂಕ, ಟ್ರಾಯ್ ಔನ್ಸ್ ಮತ್ತು ಪೆನ್ನಿವೇಟ್ ಲೆಕ್ಕದಲ್ಲಿ. ಒಂದು ಟ್ರಾಯ್ ಔನ್ಸ್ 31.1 ಗ್ರಾಂ, ಅದರಲ್ಲಿ 20 ಪೆನ್ನಿವೇಟ್. ‘24 10’ ಅಂತ ಇದ್ದರೆ ಇಪ್ಪತ್ತನಾಲ್ಕೂವರೆ ಔನ್ಸ್, ಅಂದರೆ ಸುಮಾರು 762 ಗ್ರಾಂ. ಈಗ 745 ಬಂದರೆ ಇನ್ನೂರು ವರ್ಷದ ಉಜ್ಜಾಟ, ಸರಿ. 690 ಬಂದರೆ ಏನನ್ನೋ ತೆಗೆದಿದ್ದಾರೆ. 800 ಬಂದರೆ ಏನನ್ನೋ ಸೇರಿಸಿದ್ದಾರೆ. ಬಿಯರ್ ಕುಡಿಯುವ ಹಳೇ ಮಗ್ಗಿಗೆ ಮೂತಿ ಕೂರಿಸಿ ಜಗ್ಗು ಮಾಡುವುದು ವಿಕ್ಟೋರಿಯಾ ಕಾಲದ ಹವ್ಯಾಸ. ಹಾಗೆ ಬದಲಾಯಿಸಿದ್ದನ್ನು ಪರೀಕ್ಷಾ ಕಚೇರಿಗೆ ಮತ್ತೆ ತೋರಿಸದೆ ಬ್ರಿಟನ್ನಿನಲ್ಲಿ ಮಾರುವಂತಿಲ್ಲ.

1720ರಿಂದ 1758ರವರೆಗೆ ಔನ್ಸಿಗೆ ಆರು ಪೆನ್ಸ್ ಸುಂಕವಿತ್ತು. ಅದನ್ನು ತಪ್ಪಿಸಲು ಕೆಲವು ಅಕ್ಕಸಾಲಿಗರು ಪುಟ್ಟ ಪಾತ್ರೆಗೆ ಮುದ್ರೆ ಹಾಕಿಸಿ, ಆ ತುಂಡನ್ನು ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆಯುತ್ತಿದ್ದರು. ಮುದ್ರೆಗಳ ಸುತ್ತ ಉಸಿರು ಬಿಟ್ಟರೆ ಬೆಸುಗೆಯ ಗೆರೆ ಕಾಣುತ್ತದೆ.

ಹಂತ 7: ಈಗ ಹೆಸರು ಹುಡುಕಿ

ಕ್ರೆಸ್ಟ್ ಮಾತ್ರ ಇದ್ದರೆ ಫೇರ್‌ಬೇರ್ನನ ಕ್ರೆಸ್ಟುಗಳ ಪುಸ್ತಕ, ಗುರಾಣಿ ಇದ್ದರೆ ಪ್ಯಾಪ್‌ವರ್ತನ ಕೋಶ. ಎರಡನೆಯದರಲ್ಲಿ ಚಿತ್ರದ ವಿವರದಿಂದ ಹೆಸರಿಗೆ ಹೋಗಬಹುದು. ಹೆಸರು ಸಿಕ್ಕ ಮೇಲೆ ಬರ್ಕನ ಕೋಶದಲ್ಲಿ ಖಚಿತ ಮಾಡಿಕೊಳ್ಳಿ. ಮೂರೂ ಹತ್ತೊಂಬತ್ತನೇ ಶತಮಾನದವು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಗಂಡ ಹೆಂಡತಿ ಇಬ್ಬರ ಲಾಂಛನವೂ ಇದ್ದರೆ ಆ ಎರಡು ಮನೆತನಗಳ ನಡುವಿನ ಮದುವೆಯನ್ನೇ ಹುಡುಕಿ, ಒಬ್ಬನೇ ವ್ಯಕ್ತಿಗೆ ಬಂದು ನಿಲ್ಲುವುದು ಹಾಗೆಯೇ. ಧ್ಯೇಯವಾಕ್ಯವನ್ನು ಜಾಸ್ತಿ ನಂಬಬೇಡಿ. ಇಷ್ಟ ಬಂದಂತೆ ಬದಲಾಯಿಸಿಕೊಳ್ಳುತ್ತಿದ್ದರು. ಇಂಥ ಅಡ್ಡಹೆಸರಿಗೆ ಇಂಥ ಲಾಂಛನ ಅಂತ ಮಾರುವ ಅಂಗಡಿಗಳನ್ನೂ ನಂಬಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಸಿಗುವುದು ವ್ಯಕ್ತಿಗೆ ಮತ್ತು ಅವನ ವಂಶಕ್ಕೆ, ಹೆಸರಿಗಲ್ಲ. ಅದರ ದಾಖಲೆ ಇಡುವುದು ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್, 1484ರಿಂದ ಇದೆ.

ನಮ್ಮವರಿಗೆ ಗೊತ್ತಿರಬೇಕಾದ ಒಂದು ಕ್ರೆಸ್ಟ್ ಹೇಳುತ್ತೇನೆ. ಕೋಟೆಗೋಡೆಯಂಥ ಕಿರೀಟದ ಮೇಲೆ ಒಂದು ಹುಲಿ. ಎದೆಗೆ ಬಾಣ ನೆಟ್ಟಿದೆ. ತಲೆಗೆ ಮೊನಚು ಕಿರೀಟ. ಹಣೆಯ ಮೇಲೆ ಪರ್ಷಿಯನ್ ಲಿಪಿಯಲ್ಲಿ ‘ಹೈದರ್’. 1799ರಲ್ಲಿ ಶ್ರೀರಂಗಪಟ್ಟಣ ಹಿಡಿದ ಸೇನೆಯ ಮುಖ್ಯಸ್ಥ ಜಾರ್ಜ್ ಹ್ಯಾರಿಸನದು. 1815ರಲ್ಲಿ ಅವನಿಗೆ ಸಿಕ್ಕ ಬ್ಯಾರನ್ ಪದವಿಯ ಹೆಸರಿನಲ್ಲೇ ಶ್ರೀರಂಗಪಟ್ಟಣವೂ ಮೈಸೂರೂ ಇವೆ. ಟಿಪ್ಪುವಿನ ಹುಲಿಯನ್ನು ಬಾಣ ಚುಚ್ಚಿ ತಮ್ಮ ಊಟದ ಮೇಜಿಗೆ ತಂದುಕೊಂಡರು. ಈ ಹುಲಿಯನ್ನು 1785ರ ಮುದ್ರೆಯ ಚಮಚದ ಮೇಲೆ ಕಂಡರೆ, ಚಮಚ ಹಳೆಯದು, ಹುಲಿ ಆಮೇಲೆ ಬಂದದ್ದು. ನೋಡಿ, ತಾಳೆ ನೋಡುವುದು ಅಂದರೆ ಇದೇ.

ಹಂತ 8: ಇಟ್ಟುಕೊಳ್ಳುವುದು, ಕಳಿಸುವುದು

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಕಣ್ಣು ಪಳಗಿಸಲು ಚಾನ್ಸರಿ ಲೇನಿನ ಸಿಲ್ವರ್ ವಾಲ್ಟ್ಸ್, ಶನಿವಾರದ ಪೋರ್ಟೊಬೆಲ್ಲೊ ರಸ್ತೆ ಒಳ್ಳೇ ಜಾಗ. ಕೊಳ್ಳುವಾಗ ಅಳಿಸಿದ ಲಾಂಛನಕ್ಕೆ ಬೆಲೆ ಇಳಿಸಿ ಕೇಳಿ. ಮುದ್ರೆಯ ಕಾಲದ್ದೇ ಲಾಂಛನವಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ಮನೆಯಲ್ಲಿ ವಿಭೂತಿ, ಹಲ್ಲುಪುಡಿ, ಟೂತ್‌ಪೇಸ್ಟ್, ಹುಣಸೆಹಣ್ಣು ಯಾವುದೂ ಇದರ ಹತ್ತಿರ ಬರಬಾರದು. ದೇವರ ದೀಪಕ್ಕೆ ಸರಿ, ಕೆತ್ತನೆಗೆ ಶತ್ರು. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಕೂಡಲೇ ಒರೆಸಿ. ಪಾಲಿಶ್ ವರ್ಷಕ್ಕೊಮ್ಮೆ ಸಾಕು. ಅದ್ದಿ ತೆಗೆಯುವ ದ್ರಾವಣ ಬೇಡ, ಗೆರೆಯೊಳಗಿನ ಕಪ್ಪನ್ನೆಲ್ಲ ತಿಂದುಬಿಡುತ್ತದೆ. ಬೆಳ್ಳಿ ಹಿಡಿಯ ಚಾಕುಗಳನ್ನು ಬಿಸಿನೀರಿನಲ್ಲಿ ನೆನೆಹಾಕಬೇಡಿ, ಟೊಳ್ಳು ಹಿಡಿಯೊಳಗೆ ರಾಳ ತುಂಬಿರುತ್ತದೆ, ಕರಗಿ ಚಾಕು ಸಡಿಲವಾಗುತ್ತದೆ. ಉಪ್ಪಿನ ಬಟ್ಟಲಿನಲ್ಲಿ ಉಪ್ಪು ಬಿಡಬೇಡಿ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ, ರಬ್ಬರಿನ ಗಂಧಕ ಒಂದೇ ಮಳೆಗಾಲದಲ್ಲಿ ಕಪ್ಪು ಪಟ್ಟಿ ಎಳೆಯುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ವಿದೇಶದಲ್ಲಿರುವ ಮಗಳಿಗೋ ಹರಾಜಿನವರಿಗೋ ಇಲ್ಲಿಂದ ಕಳಿಸುವ ಯೋಚನೆ ಇದ್ದರೆ ತಡೆಯಿರಿ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಅದು ಇಂಗ್ಲೆಂಡಿನಲ್ಲೇ ಮಾಡಿದ್ದಾದರೂ ಸರಿ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಮೊದಲು ಭಾರತೀಯ ಪುರಾತತ್ವ ಇಲಾಖೆಗೆ ತೋರಿಸಿ. ಅದಕ್ಕೂ ಮುಂಚೆ ಮೂರನೇ ಹಂತಕ್ಕೆ ಹೋಗಿ ವರ್ಷದ ಅಕ್ಷರವನ್ನು ಇನ್ನೊಮ್ಮೆ ನೋಡಿಕೊಳ್ಳಿ.